ಕಡ್ಡಿಯ ತುದಿಗೆ ದಕ್ಕಿದ ಮೇಲ್ಮೈ ಬೆರಳ ತುದಿಗೇಕೆ ದಕ್ಕಿಲ್ಲ?

ಈಚಿನ ಕೆಲವು ಲ್ಯಾಪ್‌ಟಾಪ್‌ಗಳನ್ನು ಪೂರ್ತಿ ಆಫ್ ಮಾಡಿ ಅವುಗಳ ಟ್ರ್ಯಾಕ್‌ಪ್ಯಾಡನ್ನು ಒತ್ತಿದರೆ ಅದು ಅಲುಗುವುದೇ ಇಲ್ಲ. ಆನ್ ಮಾಡಿ ಅದೇ ಜಾಗವನ್ನು ಒತ್ತಿದರೆ ಗಾಜು ‘ಟಕ್’ ಎಂದು ಕೆಳಗಿಳಿದು ಮೇಲೆ ಬಂದ ಅನುಭವವಾಗುತ್ತದೆ. ಗಾಜು ಕೆಳಗಿಳಿದಿರುವುದಿಲ್ಲ, ಒಳಗಿರುವ ವಿದ್ಯುತ್ಕಾಂತ ಅದನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಎಳೆದು ಬಿಟ್ಟಿರುತ್ತದೆ, ಅಷ್ಟೆ. ಆಪಲ್ ಕಂಪನಿಯು 2015ರಲ್ಲಿ ಮ್ಯಾಕ್‌ಬುಕ್‌ಗಳಿಗೆ ಈ ಉಪಾಯವನ್ನು ತಂದಿತು. ಮರುವರ್ಷ ಐಫೋನ್ 7ರ ಹೋಮ್ ಬಟನ್ನು ಕೂಡ ಅಲುಗದ ಬಟನ್ನಾಯಿತು. ಪಕ್ಕಕ್ಕೆ ಸರಿದದ್ದನ್ನು ಕೆಳಕ್ಕಿಳಿದದ್ದೆಂದು ತಿಳಿದುಕೊಳ್ಳುವ ಚರ್ಮದ ಈ ಸ್ವಭಾವವನ್ನು ನೆಚ್ಚಿಕೊಂಡೇ ಯಂತ್ರದಿಂದ ಸ್ಪರ್ಶದ ಅನುಭವ ಹುಟ್ಟಿಸುವ ಹ್ಯಾಪ್ಟಿಕ್ಸ್ ಎಂಬ ವಿದ್ಯೆಯ ದೊಡ್ಡ ಭಾಗ ನಡೆಯುತ್ತಿದೆ.

ನಾನು ಕೈಯಲ್ಲಿ ಹಿಡಿಯುವ ಉಪಕರಣಗಳಿಗೆ ಫರ್ಮ್‌ವೇರ್, ಎಂದರೆ ಅವುಗಳನ್ನು ಒಳಗಿನಿಂದ ನಡೆಸುವ ಸಾಫ್ಟ್‌ವೇರ್, ಬರೆಯುವ ಕೆಲಸದಲ್ಲಿರುವವನು. ಕಂಪನದ ಮೋಟಾರನ್ನು ಯಾವಾಗ, ಎಷ್ಟು ಹೊತ್ತು, ಎಷ್ಟು ಜೋರಾಗಿ ನಡೆಸಬೇಕೆಂಬುದು ನನ್ನ ನಿತ್ಯದ ಲೆಕ್ಕವಾದ್ದರಿಂದ ಬಟನ್ನಿನ ‘ಟಕ್’ ನನ್ನಲ್ಲಿ ಈಗ ಬೆರಗನ್ನೇನೂ ಹುಟ್ಟಿಸುವುದಿಲ್ಲ. ಅದಕ್ಕಿಂತ ಎಷ್ಟೋ ಕಷ್ಟದ ಇನ್ನೊಂದು ಪ್ರಶ್ನೆ ಬಹಳ ಕಾಲದಿಂದ ನನ್ನನ್ನು ಹಿಡಿದುಕೊಂಡಿದೆ. ಎದುರಿಗಿಲ್ಲದ ಒಂದು ನಿಜವಾದ ಮೇಲ್ಮೈಯನ್ನು, ಎಂದರೆ ಇಂಥದೇ ಕಲ್ಲು, ಇಂಥದೇ ಮರ, ಇಂಥದೇ ಬಟ್ಟೆಯನ್ನು ಮುಟ್ಟಿದ ಹಾಗೆಯೇ ಅನ್ನಿಸುವಂತೆ ಯಂತ್ರದಿಂದ ಮರಳಿ ಹುಟ್ಟಿಸಲು ಸಾಧ್ಯವೇ? ಜಾಹೀರಾತುಗಳನ್ನು ನಂಬಿದರೆ ಅದು ಆಗಿಹೋದ ಮಾತು. ಪ್ರಯೋಗಾಲಯಗಳ ಬರಹಗಳನ್ನು ಓದಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಕೈಯಲ್ಲೊಂದು ಕಡ್ಡಿಯನ್ನು ಹಿಡಿದು ಅದರ ತುದಿಯಿಂದ ಮುಟ್ಟುವ ಸ್ಪರ್ಶ ಬಹುಮಟ್ಟಿಗೆ ಕೈವಶವಾಗಿದೆ. ಬರಿಬೆರಳಿನಿಂದ ಮುಟ್ಟುವ ಸ್ಪರ್ಶದ ವಿಷಯದಲ್ಲಿ ನಾವಿನ್ನೂ ಹೊಸ್ತಿಲಲ್ಲೇ ಇದ್ದೇವೆ. ಈ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ಹೇಳುತ್ತಿರುವುದರಿಂದಲೇ ನಿರೀಕ್ಷೆಗಳು ಅಡ್ಡದಾರಿ ಹಿಡಿದಿವೆ ಎಂಬುದು ನನ್ನ ಅಭಿಪ್ರಾಯ.

ಕಡ್ಡಿಯ ವಿಷಯದಿಂದಲೇ ಆರಂಭಿಸುತ್ತೇನೆ. ರೀಫಿಲ್ ಒಣಗಿಹೋದ ಒಂದು ಬಾಲ್‌ಪೆನ್ನನ್ನು ಹಿಡಿದು ಮೊದಲು ನೋಟ್‌ಬುಕ್ಕಿನ ಹಾಳೆಯ ಮೇಲೆ, ಆಮೇಲೆ ರಟ್ಟಿನ ಮೇಲೆ, ಆಮೇಲೆ ಗ್ರಾನೈಟಿನ ಅಡುಗೆಕಟ್ಟೆಯ ಮೇಲೆ ಎಳೆಯಿರಿ. ಕಣ್ಣು ಮುಚ್ಚಿಕೊಂಡಿದ್ದರೂ ಯಾವುದು ಯಾವುದೆಂದು ಹೇಳಬಹುದು. ಬೆರಳು ಮುಟ್ಟಿರುವುದು ಪೆನ್ನಿನ ಪ್ಲಾಸ್ಟಿಕ್ಕನ್ನು ಮಾತ್ರ. ಆ ಪ್ಲಾಸ್ಟಿಕ್ ಮೂರು ಸಲವೂ ಅದೇ. ಆದರೂ ಹಾಳೆಯ ತರಿ ಪೆನ್ನಿನ ತುದಿಯಲ್ಲೇ ಇದೆಯೆಂದು ಅನ್ನಿಸುತ್ತದೆ. ಡೇವಿಡ್ ಕಾಟ್ಸ್ ಎಂಬ ಜರ್ಮನ್ ಮನೋವಿಜ್ಞಾನಿ 1925ರಲ್ಲೇ ಇದನ್ನು ಹಿಡಿದು, ಮೇಲ್ಮೈಯ ಒರಟು ನುಣುಪುಗಳನ್ನು ನಾವು ತಿಳಿಯುವುದರಲ್ಲಿ ಕಂಪನದ ಪಾತ್ರ ದೊಡ್ಡದು ಎಂದು ವಾದಿಸಿದ್ದ. ಆಗ ಬಹಳ ಮಂದಿ ಅದನ್ನು ಒಪ್ಪಿರಲಿಲ್ಲ. ಕೆಲವು ದಶಕಗಳ ಮೇಲೆ ನರಗಳಿಗೆ ವಿದ್ಯುದ್ವಾರ ಚುಚ್ಚಿ ಅಳೆಯುವ ವಿದ್ಯೆ ಬಂದ ಮೇಲೆ ಅವನ ಮಾತಿಗೆ ಆಧಾರ ಸಿಕ್ಕಿತು.

ಸ್ವೀಡನ್ನಿನ ಉಮೆಯೊ ನಗರದ ಯೋಹಾನ್ಸನ್ ಮತ್ತು ವಾಲ್ಬೊ 1979ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಒಂದು ಅಂಗೈ ಮತ್ತು ಅದರ ಬೆರಳುಗಳ ಒಳಬದಿಯ ಚರ್ಮದಲ್ಲಿ ಒತ್ತಡ ಕಂಪನಗಳನ್ನು ಗ್ರಹಿಸುವ ಸುಮಾರು 17,000 ನರಗಳಿವೆ. ಅವುಗಳಲ್ಲಿ ನಾಲ್ಕು ಬಗೆ. ಒತ್ತಿಟ್ಟ ಹೊತ್ತೂ ಸುದ್ದಿ ಕಳಿಸುತ್ತಲೇ ಇರುವವು ಎರಡು, ಬದಲಾವಣೆಯಾದಾಗ ಮಾತ್ರ ಎಚ್ಚೆತ್ತುಕೊಳ್ಳುವವು ಎರಡು. ಈ ಬರಹಕ್ಕೆ ಮುಖ್ಯವಾದದ್ದು ಚರ್ಮದ ಆಳದಲ್ಲಿ ಈರುಳ್ಳಿಯಂತೆ ಪದರಪದರವಾಗಿ ಕೂತಿರುವ ಪಾಸಿನಿಯನ್ ಕಣ. ಸೆಕೆಂಡಿಗೆ 200ರಿಂದ 300 ಸಲ ಆಗುವ ಕಂಪನಕ್ಕೆ ಅದು ಬಲು ಸೂಕ್ಷ್ಮ. ಆ ಕಂಪನದ ಎತ್ತರ ಒಂದು ಮೈಕ್ರೊಮೀಟರಿಗಿಂತ ಕಡಿಮೆಯಿದ್ದರೂ ಗುರುತಿಸುತ್ತದೆ. ಬೆರಳನ್ನು ಮೇಲ್ಮೈಯ ಮೇಲೆ ಸರಿಸಿದಾಗ ಬೆರಳಚ್ಚಿನ ಏಣುಗಳೇ ಈ ಕಂಪನವನ್ನು ಹೆಚ್ಚಿಸಿಕೊಡುತ್ತವೆಯೆಂದು ಪ್ಯಾರಿಸ್ಸಿನ ಭೌತವಿಜ್ಞಾನಿಗಳ ಗುಂಪೊಂದು 2009ರಲ್ಲಿ ತೋರಿಸಿತು: ಏಣುಗಳ ನಡುವಿನ ಅಂತರ ಅರ್ಧ ಮಿಲಿಮೀಟರಿನಷ್ಟು, ನಾವು ಸಹಜವಾಗಿ ಬೆರಳೆಳೆಯುವ ವೇಗ ಸೆಕೆಂಡಿಗೆ ಹತ್ತು ಹದಿನೈದು ಸೆಂಟಿಮೀಟರು, ಭಾಗಿಸಿ ನೋಡಿದರೆ ಬರುವುದು ಸರಿಯಾಗಿ ಪಾಸಿನಿಯನ್ನಿನ ಇಷ್ಟದ 200ರಿಂದ 300 ಹರ್ಟ್ಸ್. ಸ್ಟಾಕ್‌ಹೋಮಿನಲ್ಲಿ 2013ರಲ್ಲಿ ನಡೆದ ಪ್ರಯೋಗವೊಂದರಲ್ಲಿ ಸುಮಾರು 10 ನ್ಯಾನೊಮೀಟರ್ ಎತ್ತರದ ನಿರಿಗೆಗಳಿದ್ದ ಮೇಲ್ಮೈಯನ್ನು ನಿರಿಗೆಯಿಲ್ಲದ ಮೇಲ್ಮೈಯಿಂದ ಜನ ಬೆರಳಿನಿಂದಲೇ ಬೇರೆಮಾಡಿ ಹೇಳಿದರು. ಇಷ್ಟು ಸೂಕ್ಷ್ಮವಾದ ಚರ್ಮವೆಂಬ ಗ್ರಾಹಕನಿಗೆ ಮೋಸ ಮಾಡಹೊರಟಿದ್ದೇವೆ ಎಂಬುದನ್ನು ನಮ್ಮ ಕಡೆಯ ಎಂಜಿನಿಯರುಗಳು ಆಗಾಗ ಮರೆಯುತ್ತಾರೆ.

ಆದರೆ ಕಡ್ಡಿ ಹಿಡಿದಾಗ ಈ ಗ್ರಾಹಕನ ಕೈಯನ್ನು ಅರ್ಧ ಕಟ್ಟಿಹಾಕಿದಂತಾಗುತ್ತದೆ. ಮೇಲ್ಮೈಯ ಮೇಲಿನ ಉಬ್ಬುತಗ್ಗುಗಳ ವಿನ್ಯಾಸ ಬೆರಳ ಚರ್ಮದ ಮೇಲೆ ಒತ್ತುವುದಿಲ್ಲ, ಅದರ ಬಿಸಿ ತಂಪು ತಾಗುವುದಿಲ್ಲ, ತೇವವೂ ತಿಳಿಯುವುದಿಲ್ಲ. ಉಳಿಯುವುದು ಕಡ್ಡಿಯ ಮೂಲಕ ಹಾದುಬರುವ ನಡುಕ ಮತ್ತು ಕೈಯನ್ನು ತಡೆಯುವ ಬಲ, ಇವೆರಡೇ. ಎರಡನ್ನೂ ಅಳೆಯುವ ಉಪಕರಣಗಳು ಅಂಗಡಿಯಲ್ಲಿ ಸಿಗುತ್ತವೆ. ಎರಡನ್ನೂ ಮರಳಿ ಹುಟ್ಟಿಸುವ ಯಂತ್ರಗಳೂ ಇವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ, ಈಗ ಜರ್ಮನಿಯ ಸ್ಟುಟ್‌ಗಾರ್ಟಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿರುವ ಕ್ಯಾಥರೀನ್ ಕುಚೆನ್‌ಬೆಕರ್ ಈ ಬಾಗಿಲನ್ನು ತಳ್ಳಿ ಒಳಗೆ ಹೋದರು. ಕ್ಯಾಮೆರಾ ಬೆಳಕನ್ನು ಹಿಡಿಯುವ ಹಾಗೆ ಸ್ಪರ್ಶವನ್ನು ಹಿಡಿದಿಡುವ ಈ ಕೆಲಸವನ್ನು ಅವರು ಹ್ಯಾಪ್ಟೋಗ್ರಫಿ ಎಂದು ಕರೆದರು. ಅವರ ವಿದ್ಯಾರ್ಥಿನಿಯಾಗಿದ್ದ ಹೆದರ್ ಕಲ್ಬರ್ಟ್‌ಸನ್ ಮತ್ತು ಜೊತೆಗಾರರು 2014ರಲ್ಲಿ ನೂರು ಮೇಲ್ಮೈಗಳ ಸಂಗ್ರಹವೊಂದನ್ನು ಎಲ್ಲರೂ ಉಚಿತವಾಗಿ ಬಳಸುವಂತೆ ಹೊರಗಿಟ್ಟರು. ಕಾಗದ, ಲೋಹ, ಬಟ್ಟೆ, ಪ್ಲಾಸ್ಟಿಕ್, ಮರ, ಕಲ್ಲು, ಸ್ಪಂಜು, ಟೈಲು, ಜಮಖಾನೆ, ಕಾರ್ಬನ್ ಫೈಬರ್ ಹೀಗೆ ಹತ್ತು ಜಾತಿಯವು ಅದರಲ್ಲಿವೆ.

ದಾಖಲಿಸುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜಾಣತನವೆಲ್ಲ ಅಲ್ಲಿಯೇ ಇದೆ. ಪೆನ್ನಿನಂತೆ ಹಿಡಿಯಬಹುದಾದ ಸಾಧನದ ತುದಿಗೆ ಉಕ್ಕಿನ ಮೊನೆ. ಒಳಗೆ ಕಂಪನವನ್ನಳೆಯುವ ಆಕ್ಸೆಲೆರೋಮೀಟರು, ಬಲವನ್ನಳೆಯುವ ಸೆನ್ಸರು, ಸ್ಥಾನವನ್ನು ಹೇಳುವ ಇನ್ನೊಂದು ಸೆನ್ಸರು. ಅದನ್ನು ಹಿಡಿದವರು ಮೇಲ್ಮೈಯ ಮೇಲೆ ಮನಬಂದಂತೆ ಗೀರುತ್ತಾರೆ, ಒಮ್ಮೆ ಹಗುರಾಗಿ, ಒಮ್ಮೆ ಒತ್ತಿ, ಒಮ್ಮೆ ನಿಧಾನ, ಒಮ್ಮೆ ಬೇಗ. ಹೀಗೆ ಸಿಕ್ಕ ಕಂಪನವನ್ನು ಹಾಡಿನ ಹಾಗೆ ಹಾಗೆಯೇ ತಿರುಗಿ ಬಾರಿಸಿದರೆ ಪ್ರಯೋಜನವಿಲ್ಲ. ಕೈ ನಿಂತಾಗಲೂ ಕಂಪನ ನಡೆಯುತ್ತಿದ್ದರೆ ಮರುಳು ಒಂದೇ ಕ್ಷಣದಲ್ಲಿ ಹರಿದುಬೀಳುತ್ತದೆ. ಅದಕ್ಕಾಗಿ ಅವರು ಕಂಪನವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಗುಣವನ್ನು ಕೆಲವೇ ಸಂಖ್ಯೆಗಳಲ್ಲಿ ಹೇಳುವ ಗಣಿತದ ಮಾದರಿಯನ್ನು ಮಾಡಿ, ಆ ಮಾದರಿಗೆ ಆಗಿನ ವೇಗ ಮತ್ತು ಬಲವನ್ನು ಗುರುತಾಗಿ ಅಂಟಿಸಿದರು. ಮರಳಿ ಹುಟ್ಟಿಸುವಾಗ ಬಳಸುವವರ ಕೈ ಈಗ ಎಷ್ಟು ವೇಗದಲ್ಲಿದೆ, ಎಷ್ಟು ಒತ್ತುತ್ತಿದೆ ಎಂದು ನೋಡಿ, ಹತ್ತಿರದ ಮಾದರಿಗಳನ್ನು ಬೆರೆಸಿ, ಹೊಸ ಕಂಪನವನ್ನು ಆ ಕ್ಷಣದಲ್ಲೇ ತಯಾರಿಸಲಾಗುತ್ತದೆ. ಎಂದರೆ ಅಲ್ಲಿ ಸಂಗ್ರಹವಾಗಿರುವುದು ಕಲ್ಲೂ ಅಲ್ಲ, ಕಲ್ಲಿನ ಚಿತ್ರವೂ ಅಲ್ಲ; ಇಂಥ ವೇಗದಲ್ಲಿ ಇಂಥ ಮೊನೆ ಗೀರಿದರೆ ಆ ಕಲ್ಲು ಏನು ಉತ್ತರ ಕೊಡುತ್ತದೆ ಎಂಬ ನಿಯಮ.

ಇನ್ನೊಂದು ಉಳಿತಾಯವನ್ನೂ ಮೆಚ್ಚಬೇಕು. ಆಕ್ಸೆಲೆರೋಮೀಟರು ಮೂರು ದಿಕ್ಕುಗಳ ಕಂಪನವನ್ನು ಅಳೆಯುತ್ತದೆ, ಆದರೆ ಬೇಗಬೇಗನೆ ಆಗುವ ಕಂಪನ ಯಾವ ದಿಕ್ಕಿನದು ಎಂದು ನಮ್ಮ ಕೈಗೆ ಗೊತ್ತಾಗುವುದಿಲ್ಲ. ಆದ್ದರಿಂದ ಮೂರರ ಶಕ್ತಿಯನ್ನೂ ಒಂದೇ ದಿಕ್ಕಿಗೆ ಕೂಡಿಸಿಬಿಟ್ಟರು. ಮೂರು ಮೋಟಾರಿನ ಜಾಗದಲ್ಲಿ ಒಂದು ಸಾಕಾಯಿತು. ಚರ್ಮಕ್ಕೆ ತಿಳಿಯದ್ದನ್ನು ಕಳಿಸುವ ಶ್ರಮ ಬೇಡವೆಂಬ ಈ ನ್ಯಾಯ, ಕಿವಿಗೆ ತಿಳಿಯದ್ದನ್ನು ಬಿಟ್ಟುಬಿಡುವ ಎಂಪಿ3 ಹಾಡಿನ ಹಿಂದಿರುವ ನ್ಯಾಯವೇ.

ಮೋಟಾರಿನ ಮಾತು ಬಂದದ್ದರಿಂದ ನನ್ನ ಕಸುಬಿನ ಒಂದು ವಿಷಯವನ್ನು ಇಲ್ಲಿಯೇ ಸೇರಿಸುತ್ತೇನೆ. ಹಳೆಯ ಮೊಬೈಲುಗಳಲ್ಲಿ ಇದ್ದದ್ದು ಒಂದು ಕಡೆಗೆ ಭಾರ ಕಟ್ಟಿದ ತಿರುಗುವ ಮೋಟಾರು. ಅದು ವೇಗ ಹಿಡಿಯಲು ಹೊತ್ತು ಬೇಕು, ನಿಲ್ಲಲೂ ಹೊತ್ತು ಬೇಕು, ಜೊತೆಗೆ ಜೋರು ಹೆಚ್ಚಿಸಿದರೆ ಆವರ್ತನವೂ, ಎಂದರೆ ಸೆಕೆಂಡಿಗೆ ನಡುಗುವ ಸಲವೂ, ತಾನಾಗಿ ಹೆಚ್ಚುತ್ತದೆ. ಈಗಿನ ಮೊಬೈಲುಗಳಲ್ಲಿ ಎಲ್‌ಆರ್‌ಎ ಎಂದು ನಾವು ಕರೆಯುವ, ಸ್ಪ್ರಿಂಗಿನ ಮೇಲೆ ಹಿಂದೆ ಮುಂದೆ ಓಡಾಡುವ ಭಾರವಿರುತ್ತದೆ. ಅದು ಚುರುಕಾದದ್ದು, ಆದರೆ ತನಗೆ ಒಗ್ಗಿದ ಒಂದೇ ಆವರ್ತನದಲ್ಲಿ, ಸಾಮಾನ್ಯವಾಗಿ 150ರಿಂದ 250 ಹರ್ಟ್ಸ್ ನಡುವೆ ಎಲ್ಲೋ ಒಂದು ಕಡೆ, ಚೆನ್ನಾಗಿ ನಡುಗುತ್ತದೆ. ಅದರಿಂದ ಆಚೆ ಈಚೆ ಹೋದರೆ ಸದ್ದಡಗುತ್ತದೆ. ಮರದ ತರಿಗೂ ಜಮಖಾನೆಯ ತರಿಗೂ ಇರುವ ವ್ಯತ್ಯಾಸ ಅನೇಕ ಆವರ್ತನಗಳ ಮೇಲೆ ಹರಡಿಕೊಂಡಿರುವಾಗ, ಒಂದೇ ಸ್ವರ ಗೊತ್ತಿರುವ ಮೋಟಾರಿನಿಂದ ಅದನ್ನು ಹೇಳಿಸುವುದು ಆಗದ ಕೆಲಸ. ಪ್ರಯೋಗಾಲಯಗಳವರು ಸ್ಪೀಕರಿನೊಳಗಿನ ಸುರುಳಿಯಂಥ ವಾಯ್ಸ್ ಕಾಯಿಲ್ ಬಳಸುತ್ತಾರೆ. ಸೋನಿ ಕಂಪನಿಯ 2020ರ ಗೇಮ್ ಕಂಟ್ರೋಲರಿನಲ್ಲಿ ಆಟದ ಪಾತ್ರ ಮರಳಿನ ಮೇಲೆ ನಡೆದಾಗ ಒಂದು ಬಗೆ, ಲೋಹದ ಮೇಲೆ ನಡೆದಾಗ ಇನ್ನೊಂದು ಬಗೆ ಕೈಗೆ ತಿಳಿಯುವುದಕ್ಕೆ ಕಾರಣವೂ ಅದರಲ್ಲಿರುವ ಅಂಥ ಸುರುಳಿಗಳೇ.

ಕಂಪನವೊಂದೇ ಸಾಲುವುದಿಲ್ಲ ಎಂಬುದನ್ನು ಕಲ್ಬರ್ಟ್‌ಸನ್ ಮತ್ತು ಕುಚೆನ್‌ಬೆಕರ್ 2017ರಲ್ಲಿ ತಾವೇ ಪರೀಕ್ಷಿಸಿ ತೋರಿಸಿದರು. ಹದಿನೈದು ನಿಜವಾದ ಮೇಲ್ಮೈಗಳನ್ನು ಅವುಗಳ ಕೃತಕ ಪ್ರತಿಗಳೊಂದಿಗೆ ಹೋಲಿಸಲು ಜನರಿಗೆ ಕೊಟ್ಟರು. ಕೆಲವು ಪ್ರತಿಗಳಲ್ಲಿ ಘರ್ಷಣೆಯನ್ನು, ಕೆಲವದರಲ್ಲಿ ಮೊನೆ ಕುಟ್ಟಿದಾಗ ಬರುವ ಟಣ್ ಎಂಬ ಪೆಟ್ಟನ್ನು, ಇನ್ನು ಕೆಲವದರಲ್ಲಿ ತರಿಯ ಕಂಪನವನ್ನು ಬೇಕೆಂದೇ ತೆಗೆದುಹಾಕಿದ್ದರು. ಯಾವ ಮೇಲ್ಮೈಯಲ್ಲಿ ಯಾವ ಗುಣ ಎದ್ದುಕಾಣುತ್ತದೆಯೋ ಅದನ್ನು ತೆಗೆದಾಗಲೇ ಪ್ರತಿ ಹೆಚ್ಚು ಸುಳ್ಳೆನಿಸಿತು. ಜಾರುವ ವಸ್ತುವಿನಲ್ಲಿ ಘರ್ಷಣೆ, ಗಡಸು ವಸ್ತುವಿನಲ್ಲಿ ಪೆಟ್ಟು, ಒರಟು ವಸ್ತುವಿನಲ್ಲಿ ಕಂಪನ. ಜೊತೆಗೆ ಇನ್ನೊಂದನ್ನೂ ಅವರು ಒಪ್ಪಿಕೊಂಡರು: ಬಳಸಿದ ಯಂತ್ರದ ಸ್ವಂತ ಭಾರ ಮತ್ತು ಕೀಲುಗಳ ಬಿಗಿ ಅನುಭವವನ್ನು ಕೆಡಿಸುತ್ತಿದ್ದವು. ಆ ಯಂತ್ರ ಫ್ಯಾಂಟಮ್ ಕುಟುಂಬದ್ದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಮ್ಯಾಸಿ ಮತ್ತು ಕೆನೆತ್ ಸ್ಯಾಲಿಸ್‌ಬರಿ 1990ರ ದಶಕದ ಮೊದಲಲ್ಲಿ ಮಾಡಿದ ಈ ಪುಟ್ಟ ರೋಬಾಟ್ ತೋಳು, ಕೈ ಹಿಡಿದ ಕಡ್ಡಿ ಗಾಳಿಯಲ್ಲಿರುವ ಕಾಲ್ಪನಿಕ ಗೋಡೆಯನ್ನು ಮುಟ್ಟಿದೊಡನೆ ಅದನ್ನು ಹಿಂದಕ್ಕೆ ತಳ್ಳುತ್ತದೆ. ಸೆಕೆಂಡಿಗೆ ಸಾವಿರ ಸಲ ಲೆಕ್ಕ ಮಾಡದಿದ್ದರೆ ಗೋಡೆ ಗೋಡೆಯಾಗಿರದೆ ನಡುಗುವ ಸ್ಪಂಜಾಗುತ್ತದೆ. ಕಣ್ಣಿಗೆ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಸಾಕಾಗುವಲ್ಲಿ ಕೈ ಕೇಳುವುದು ಸಾವಿರ. (ಈ ಮ್ಯಾಸಿಯವರೇ ಮುಂದೆ ಕೆಂಟಕಿಯಿಂದ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಹ್ಯಾಪ್ಟಿಕ್ಸ್‌ನವರು ಸೇರಿದಲ್ಲಿ ಈ ಸಂಗತಿ ಪ್ರತಿಸಲವೂ ಹೊಸದಾಗಿ ಕೇಳಿಬರುತ್ತದೆ.)

ಉಬ್ಬುತಗ್ಗುಗಳ ವಿಷಯದಲ್ಲಿ ಕೈ ಮೋಸಹೋಗುವ ಬಗೆ ಇನ್ನೂ ವಿಚಿತ್ರ. ಮಾರ್ಗರೆಟ್ ಮಿನ್ಸ್ಕಿ ಎಂಬ ಸಂಶೋಧಕಿ 1990ರ ಸುಮಾರಿಗೆ ಜಾಯ್‌ಸ್ಟಿಕ್ಕೊಂದನ್ನು ಪಕ್ಕಕ್ಕಷ್ಟೇ ಎಳೆದು ತಳ್ಳಿ ಉಪ್ಪುಕಾಗದದ ಒರಟನ್ನು ಹುಟ್ಟಿಸಿದ್ದರು. ಜಾಯ್‌ಸ್ಟಿಕ್ ಮೇಲೆ ಕೆಳಗೆ ಹೋಗುತ್ತಲೇ ಇರಲಿಲ್ಲ. ರೋಬ್ಲೆಸ್ ಡಿ ಲಾ ಟೊರೆ ಮತ್ತು ವಿನ್ಸೆಂಟ್ ಹೇವರ್ಡ್ 2001ರಲ್ಲಿ ಇದನ್ನು ಕೊನೆಮುಟ್ಟಿಸಿದರು. ಬೆರಳು ನಿಜವಾಗಿ ತಗ್ಗಿಗೆ ಇಳಿಯುತ್ತಿರುವಾಗ, ಉಬ್ಬನ್ನು ಹತ್ತುವಾಗ ಬರುವಂಥ ಪಕ್ಕದ ಬಲವನ್ನು ಕೊಟ್ಟರು. ಜನ ಉಬ್ಬನ್ನು ಹತ್ತಿದೆವೆಂದೇ ಹೇಳಿದರು.

ಇನ್ನು ಬರಿಬೆರಳು. ಇಲ್ಲಿ ಕಡ್ಡಿಯಿಲ್ಲದ್ದರಿಂದ ಗಾಜಿನ ಮೇಲ್ಮೈಯ ಜಾರುವಿಕೆಯನ್ನೇ ಕ್ಷಣಕ್ಷಣಕ್ಕೂ ಬದಲಿಸಬೇಕು. ಅದಕ್ಕೆ ಎರಡು ದಾರಿಗಳಿವೆ, ಒಂದು ಇನ್ನೊಂದಕ್ಕೆ ವಿರುದ್ಧ. ಮೊದಲನೆಯದು ವಿದ್ಯುತ್ತಿನಿಂದ ಬೆರಳನ್ನು ಗಾಜಿನ ಕಡೆಗೆ ಸೆಳೆದು ಘರ್ಷಣೆಯನ್ನು ಹೆಚ್ಚಿಸುವುದು. ಎಡ್ವರ್ಡ್ ಮ್ಯಾಲಿಂಕ್ರಾಟ್ ಎಂಬ ಅಮೆರಿಕದ ವಿಜ್ಞಾನಿ ದೀಪದ ಹಿತ್ತಾಳೆಯ ಹೋಲ್ಡರನ್ನು ಸವರಿದಾಗ, ದೀಪ ಉರಿಯುತ್ತಿದ್ದರೆ ಅದು ಒರಟಾಗಿಯೂ ಆರಿಸಿದ್ದರೆ ನುಣುಪಾಗಿಯೂ ಇರುವುದನ್ನು ಗಮನಿಸಿ, 1953ರಲ್ಲಿ ಕಾರಣವನ್ನು ಪ್ರಕಟಿಸಿದರು. ಚರ್ಮದ ಒಣ ಮೇಲ್ಪದರದ ಎರಡೂ ಬದಿಗಳಲ್ಲಿ ವಿದ್ಯುದಂಶ ಕೂಡಿ ಬೆರಳನ್ನು ಸೆಳೆದು ಬಿಡುತ್ತಿರುತ್ತದೆ; ಬೆರಳು ನಿಂತಿದ್ದರೆ ಏನೂ ತಿಳಿಯದು, ಸರಿದಾಗ ಮಾತ್ರ ತಡೆತಡೆದು ಸರಿದಂತೆ ಆಗುತ್ತದೆ. ನಮ್ಮಲ್ಲಿ ಇದನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ. ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಚಾರ್ಜರಿಗೆ ಸಿಕ್ಕಿಸಿರುವ ಲೋಹದ ಮೈಯ ಲ್ಯಾಪ್‌ಟಾಪಿನ ಅಂಚಿನ ಮೇಲೆ ಒಣ ಬೆರಳನ್ನು ಹಗುರವಾಗಿ ಎಳೆದರೆ ಲೋಹಕ್ಕೆ ಸಣ್ಣ ಗರಗಸದ ಹಲ್ಲು ಬಂದಂತಾಗುತ್ತದೆ. ಪ್ಲಗ್ ಕಿತ್ತೊಡನೆ ಅದು ಮಾಯ. ನಮ್ಮ ಕರೆಂಟು 50 ಹರ್ಟ್ಸಿನದು, ಸೆಳೆತ ಧನಕ್ಕೂ ಋಣಕ್ಕೂ ಒಂದೊಂದು ಸಲ ಆಗುವುದರಿಂದ ಬೆರಳಿಗೆ ಬರುವುದು 100 ಹರ್ಟ್ಸಿನ ತರಿ. ಪಿಟ್ಸ್‌ಬರ್ಗಿನ ಡಿಸ್ನಿ ಪ್ರಯೋಗಾಲಯ 2010ರಲ್ಲಿ ಟೆಸ್ಲಾಟಚ್ ಎಂದು ತೋರಿಸಿದ್ದು ಇದನ್ನೇ ಟಚ್‌ಸ್ಕ್ರೀನಿನ ಮೇಲೆ ಹದಕ್ಕೆ ತಂದ ರೂಪ. ಮದ್ರಾಸ್ ಐಐಟಿಯ ಟಚ್ ಲ್ಯಾಬಿನವರು ಐಟ್ಯಾಡ್ ಎಂಬ ಹೆಸರಿನಲ್ಲಿ ಮಾಡಿರುವ ಪರದೆಯೂ, ಚಲಿಸುವ ಭಾಗಗಳಿಲ್ಲದೆ, ಬೆರಳು ಸರಿದಂತೆಲ್ಲ ಘರ್ಷಣೆಯನ್ನು ಬದಲಿಸುತ್ತ ಹೋಗುವಂಥದು.

ಎರಡನೆಯ ದಾರಿ ಘರ್ಷಣೆಯನ್ನು ಕಡಿಮೆಮಾಡುವುದು. ಗಾಜಿನ ಹಲಗೆಯನ್ನು ಕಿವಿಗೆ ಕೇಳದಷ್ಟು ವೇಗದಲ್ಲಿ, ಎತ್ತರದಲ್ಲಿ ಒಂದೆರಡು ಮೈಕ್ರೊಮೀಟರಿನಷ್ಟು ನಡುಗಿಸಿದರೆ, ಬೆರಳಿಗೂ ಗಾಜಿಗೂ ನಡುವೆ ಸಿಕ್ಕಿಕೊಂಡ ಗಾಳಿ ಬೆರಳನ್ನು ಅಷ್ಟಿಷ್ಟು ಎತ್ತಿ ಹಿಡಿಯುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕೋಲ್ಗೇಟ್ ಮತ್ತು ಪೆಶ್ಕಿನ್ ಅವರ ಗುಂಪು 2007ರಿಂದ ಇದನ್ನು ಬೆಳೆಸಿತು. ನಡುಕವನ್ನು ಹೆಚ್ಚಿಸಿದರೆ ಗಾಜು ಜಾರುತ್ತದೆ, ಇಳಿಸಿದರೆ ಹಿಡಿಯುತ್ತದೆ. ಬೆರಳಿನ ಸ್ಥಾನಕ್ಕೆ ತಕ್ಕಂತೆ ಏರಿಳಿಸಿದರೆ ಗಾಜಿನ ಮೇಲೆ ಕಾರ್ಡುರಾಯ್ ಬಟ್ಟೆಯ ಗೆರೆಗಳು ಏಳುತ್ತವೆ.

ಎರಡೂ ದಾರಿಗಳಿಗೂ ಒಂದೇ ತಡೆಗೋಡೆ ಅಡ್ಡಬರುತ್ತದೆ. ಬೆರಳಿನ ಕೆಳಗಿನ ಗಾಜೆಲ್ಲ ಒಂದೇ ಹೊತ್ತಿಗೆ ಒಂದೇ ಘರ್ಷಣೆ ಕೊಡುತ್ತದೆ. ನಿಜವಾದ ಮೇಲ್ಮೈ ಹಾಗಲ್ಲ. ಬೆರಳ ತುದಿ ಸುಮಾರು ಒಂದು ಮಿಲಿಮೀಟರ್ ಅಂತರದ ಗೆರೆಗಳನ್ನು ಸುಮ್ಮನೆ ಮುಟ್ಟಿದರೂ ಬೇರೆಬೇರೆಯಾಗಿ ಗುರುತಿಸುತ್ತದೆ, ಸುಮಾರು 0.2 ಮಿಲಿಮೀಟರಿಗಿಂತ ದಪ್ಪನೆಯ ತರಿಯನ್ನು ನಾವು ತಿಳಿಯುವುದು ಕಂಪನಕ್ಕಿಂತ ಹೆಚ್ಚಾಗಿ ಚರ್ಮದ ಮೇಲೆ ಬೀಳುವ ಒತ್ತಿನ ನಕ್ಷೆಯಿಂದ. ಆ ನಕ್ಷೆಯನ್ನು ಯಾವ ಗಾಜೂ ಬರೆಯಲಾರದು. ಬೆರಳನ್ನು ನಿಲ್ಲಿಸಿದರಂತೂ ರೇಷ್ಮೆಯೂ ಮರಳೂ ಒಟ್ಟಿಗೆ ಗಾಜಾಗಿಬಿಡುತ್ತವೆ. ಬೆರಳಿನ ತೇವದ ತೊಂದರೆ ಬೇರೆ. ಜೂನ್ ತಿಂಗಳ ಮಂಗಳೂರಿನ ಬೆರಳಿಗೂ ಜನವರಿಯ ಬೀದರಿನ ಬೆರಳಿಗೂ ಗಾಜಿನ ಮೇಲಿನ ಘರ್ಷಣೆಯಲ್ಲಿ ಅಜಗಜಾಂತರವಿದೆ. ಒಂದೇ ಪರದೆ, ಒಂದೇ ದಾಖಲೆ, ಎರಡು ಊರುಗಳಲ್ಲಿ ಎರಡು ಬಟ್ಟೆ.

ಬಟ್ಟೆಯ ಮಾತಿಗೇ ಬರುತ್ತೇನೆ, ಏಕೆಂದರೆ ‘ಆನ್‌ಲೈನಿನಲ್ಲಿ ಸೀರೆಯನ್ನು ಮುಟ್ಟಿ ನೋಡಿ ಕೊಳ್ಳಬಹುದು’ ಎಂಬುದು ಈ ಕ್ಷೇತ್ರದವರು ಹೂಡಿಕೆದಾರರ ಮುಂದೆ ಹೇಳುವ ಕಾಯಂ ಮಾತು. ನನ್ನ ಚಿಕ್ಕಮ್ಮ ಸೀರೆ ಅಂಗಡಿಯಲ್ಲಿ ಕೂತಾಗ ಅವರ ಕೈ ಏನೇನು ಮಾಡುತ್ತದೆ ಎಂದು ಒಮ್ಮೆ ಪಕ್ಕದಲ್ಲಿ ಕೂತು ನೋಡಿದ್ದೇನೆ. ಅಂಗಡಿಯವರು ಹಾಸಿದ ಸೀರೆಯ ಮೇಲೆ ಮೊದಲು ಅಂಗೈಯನ್ನು ಇಟ್ಟು ಒಂದು ಕ್ಷಣ ಸುಮ್ಮನಿರುತ್ತಾರೆ. ಆಮೇಲೆ ಸೆರಗಿನ ತುದಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹೊಸಕುತ್ತಾರೆ. ಒಂದು ಹಿಡಿಯನ್ನು ಮುಷ್ಟಿಯಲ್ಲಿ ಅದುಮಿ ಬಿಟ್ಟು ಸುಕ್ಕು ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಾರೆ. ಕೊನೆಗೆ ಎರಡು ಮಡಿಕೆಯನ್ನು ಎತ್ತಿ ಮುಂಗೈಯ ಮೇಲೆ ಇಳಿಬಿಟ್ಟು, ಅದು ಬೀಳುವ ಬಗೆಯನ್ನೂ ಭಾರವನ್ನೂ ತೂಗಿ, “ಇದು ಮೈಮೇಲೆ ನಿಲ್ಲೋದಿಲ್ಲಪ್ಪ, ಜಾರುತ್ತೆ, ಬೇರೆ ತೆಗೀರಿ” ಎನ್ನುತ್ತಾರೆ. ಕೆನಡಾದ ಸೂಸನ್ ಲೆಡರ್‌ಮನ್ ಮತ್ತು ಅಮೆರಿಕದ ರಾಬರ್ಟಾ ಕ್ಲಾಟ್ಸ್ಕಿ 1987ರಲ್ಲಿ ಇದೇ ಕೈಯಾಟಗಳನ್ನು ವಿಂಗಡಿಸಿ, ಪ್ರತಿಯೊಂದಕ್ಕೂ ಅದರದೇ ಉದ್ದೇಶವಿರುವುದನ್ನು ತೋರಿಸಿದ್ದರು. ತರಿ ತಿಳಿಯಲು ಬೆರಳನ್ನು ಸರಿಸುತ್ತೇವೆ, ಮೆದುವೋ ಗಡಸೋ ತಿಳಿಯಲು ಒತ್ತುತ್ತೇವೆ, ಬಿಸಿತಂಪು ತಿಳಿಯಲು ಸುಮ್ಮನೆ ಇಟ್ಟುಕೊಳ್ಳುತ್ತೇವೆ, ಭಾರ ತಿಳಿಯಲು ಎತ್ತಿ ಹಿಡಿಯುತ್ತೇವೆ. ಮೊಬೈಲಿನ ಪರದೆ ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ, ಅದೂ ಅರೆಬರೆ, ಉತ್ತರ ಕೊಡಬಲ್ಲದು. ಚಿಕ್ಕಮ್ಮನ ತೀರ್ಮಾನ ಉಳಿದ ಮೂರರ ಮೇಲೆ ನಿಂತಿತ್ತು.

ಬಟ್ಟೆಯ ಸ್ಪರ್ಶವನ್ನು ಅಳೆಯುವ ಶಾಸ್ತ್ರ ಹ್ಯಾಪ್ಟಿಕ್ಸ್‌ಗಿಂತ ಹಳೆಯದು, ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕವಾದದ್ದೂ ಹೌದು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸುಯೊ ಕವಾಬಾಟಾ 1970ರ ದಶಕದಲ್ಲಿ, ಸೂಟಿನ ಬಟ್ಟೆಯನ್ನು ಕೈಯಿಂದಲೇ ಪರೀಕ್ಷಿಸಿ ದರ್ಜೆ ಹೇಳುತ್ತಿದ್ದ ಗಿರಣಿಯ ಅನುಭವಿಗಳ ತೀರ್ಪನ್ನು ಯಂತ್ರದ ಅಳತೆಗಳೊಂದಿಗೆ ಹೊಂದಿಸಹೊರಟರು. ನಾಲ್ಕು ಉಪಕರಣಗಳು, ಹದಿನಾರು ಅಳತೆಗಳು: ಎಳೆದಾಗ ಎಷ್ಟು ಹಿಗ್ಗುತ್ತದೆ, ಓರೆಯಾಗಿ ಜಗ್ಗಿದಾಗ ಎಷ್ಟು ಸರಿಯುತ್ತದೆ, ಬಗ್ಗಿಸಲು ಎಷ್ಟು ಬಲ ಬೇಕು, ಒತ್ತಿದರೆ ಎಷ್ಟು ಕುಗ್ಗಿ ಎಷ್ಟು ಮರಳುತ್ತದೆ, ಮೇಲ್ಮೈಯ ಘರ್ಷಣೆ ಮತ್ತು ಏರಿಳಿತ ಎಷ್ಟು. ಬಲಗಳೆಲ್ಲ ಕೈ ಬಟ್ಟೆಯನ್ನು ಪರೀಕ್ಷಿಸುವಾಗ ಹಾಕುವಷ್ಟೇ ಸಣ್ಣವು. ಯುರೋಪಿನಲ್ಲಿ 2004ರಿಂದ 2007ರವರೆಗೆ ನಡೆದ ಹ್ಯಾಪ್ಟೆಕ್ಸ್ ಎಂಬ ಯೋಜನೆ ಇಂಥ ಅಳತೆಗಳನ್ನೇ ತೆಗೆದುಕೊಂಡು, ಎರಡು ಬೆರಳುಗಳ ನಡುವೆ ಕಾಲ್ಪನಿಕ ಬಟ್ಟೆಯನ್ನು ಹಿಡಿಸುವ ಯಂತ್ರವನ್ನು ಕಟ್ಟಲು ಯತ್ನಿಸಿತು. ಬಲ ಕೊಡಲು ರೋಬಾಟಿನ ತೋಳು, ತರಿ ಕೊಡಲು ಬೆರಳ ತುದಿಗೆ ನಡುಗುವ 24 ಕಡ್ಡಿಗಳು. ಪ್ರಶ್ನೆಯನ್ನು ಸರಿಯಾಗಿ ಕೇಳಿದ ಯೋಜನೆಯದು, ಆದರೆ ಅದರ ಯಂತ್ರ ಮೇಜನ್ನು ಬಿಟ್ಟು ಏಳುವಂಥದಾಗಿರಲಿಲ್ಲ. ಅಲ್ಲಿಂದೀಚೆಗೆ ನೋಡಿದ ಬಹಳಷ್ಟು ಪ್ರದರ್ಶನಗಳಿಗಿಂತ ಆ ಸೋಲನ್ನೇ ನಾನು ಹೆಚ್ಚು ಗೌರವಿಸುತ್ತೇನೆ.

ಅಂಗೈಯನ್ನು ಸುಮ್ಮನೆ ಇಟ್ಟ ಆ ಒಂದು ಕ್ಷಣದ ಬಗ್ಗೆ ಇನ್ನಷ್ಟು ಹೇಳಬೇಕು. ಸ್ಟೀಲ್ ಲೋಟವೂ ಮರದ ಮೇಜೂ ಒಂದೇ ಕೋಣೆಯಲ್ಲಿ, ಒಂದೇ ಉಷ್ಣತೆಯಲ್ಲಿದ್ದರೂ ಲೋಟ ತಣ್ಣಗೆ ಅನ್ನಿಸುವುದು ಅದು ಚರ್ಮದ ಶಾಖವನ್ನು ಬೇಗ ಹೀರಿಕೊಳ್ಳುವುದರಿಂದ. ರೇಷ್ಮೆ ತಂಪು, ಉಣ್ಣೆ ಬೆಚ್ಚಗೆ ಎಂಬ ಮೊದಲ ಅನಿಸಿಕೆಯೂ ಅದೇ ಬಗೆಯದು. ಕವಾಬಾಟಾ ಅದನ್ನಳೆಯಲು ಪ್ರತ್ಯೇಕ ಉಪಕರಣವನ್ನೇ ಮಾಡಿದ್ದರು. ಎಂಐಟಿಯಲ್ಲಿ ಸಿನ್ ನಿ ಹೊ ಮತ್ತು ಲಿನೆಟ್ ಜೋನ್ಸ್ ನಡೆಸಿದ ಪ್ರಯೋಗಗಳ ಪ್ರಕಾರ, ಶಾಖದ ಸುಳಿವೊಂದರಿಂದಲೇ ತಾಮ್ರವನ್ನೂ ಸ್ಪಂಜನ್ನೂ ಬೇರೆಮಾಡಬಹುದು, ಆದರೆ ಗುಣದಲ್ಲಿ ಹತ್ತಿರಹತ್ತಿರ ಇರುವ ವಸ್ತುಗಳನ್ನು ಬೇರೆಮಾಡುವುದು ಕಷ್ಟ. ಇಲ್ಲಿ ನನಗೆ ಹೊಳೆಯುವ ಒಂದು ತೊಡಕಿದೆ. ಲೋಹ ತಣ್ಣಗಿರುತ್ತದೆ ಎಂಬುದು ಕೋಣೆ ಚರ್ಮಕ್ಕಿಂತ ತಂಪಾಗಿರುವ ಊರಿನ ಸತ್ಯ. ಬೆರಳ ಚರ್ಮದ ಉಷ್ಣತೆ 32ರಿಂದ 34 ಡಿಗ್ರಿಯ ಆಸುಪಾಸು. ಮೇ ತಿಂಗಳ ಕಲಬುರಗಿಯಲ್ಲಿ ಗಾಳಿಯೇ 40 ಡಿಗ್ರಿ ದಾಟಿರುವಾಗ ಶಾಖ ಹರಿಯುವ ದಿಕ್ಕು ತಿರುಗಿ, ಅದೇ ಲೋಹ ಮರಕ್ಕಿಂತ ಹೆಚ್ಚು ಬಿಸಿಯೆನಿಸುತ್ತದೆ. ಎಲ್ಲೋ ಒಂದು ಹವಾನಿಯಂತ್ರಿತ ಪ್ರಯೋಗಾಲಯದಲ್ಲಿ ದಾಖಲಿಸಿದ ‘ಲೋಹ’ ಕಲಬುರಗಿಯವರಿಗೆ ಯಾವ ಲೋಹವೂ ಅಲ್ಲ. ಕೈಯ ವೇಗ, ಬಲಗಳ ಹಾಗೆ ಕೋಣೆಯ ಉಷ್ಣತೆಯನ್ನೂ ಮಾದರಿಯೊಳಗೆ ತರದಿದ್ದರೆ ಅದು ಪೂರ್ತಿಯಾಗುವುದಿಲ್ಲ.

ಯಂತ್ರದ ಕೊರತೆಯನ್ನು ಕಣ್ಣು ಕಿವಿಗಳು ಅಷ್ಟೋ ಇಷ್ಟೋ ತುಂಬಿಕೊಡುತ್ತವೆ ಎಂಬುದೊಂದು ಸಮಾಧಾನ. ಫಿನ್ಲೆಂಡಿನ ಯೂಸ್ಮಾಕಿ ಮತ್ತು ಹಾರಿ 1998ರಲ್ಲಿ ಮಾಡಿದ ಪ್ರಯೋಗ ಬಲು ಸರಳ. ಅಂಗೈಗಳನ್ನು ಉಜ್ಜಿಕೊಳ್ಳುವ ಸದ್ದನ್ನು ಮೈಕಿನಲ್ಲಿ ಹಿಡಿದು, ಅದರ ಕೀಚು ಭಾಗವನ್ನು ಮಾತ್ರ ಹೆಚ್ಚಿಸಿ ಅದೇ ವ್ಯಕ್ತಿಯ ಕಿವಿಗೆ ಕೇಳಿಸಿದರು. ಅವರಿಗೆ ತಮ್ಮ ಚರ್ಮ ಒಣಗಿ ಕಾಗದದಂತಾಗಿದೆ ಎನ್ನಿಸಿತು. ಎರ್ನ್‌ಸ್ಟ್ ಮತ್ತು ಬ್ಯಾಂಕ್ಸ್ 2002ರಲ್ಲಿ ತೋರಿಸಿದಂತೆ ಕಣ್ಣು ಮತ್ತು ಕೈ ಬೇರೆಬೇರೆ ಹೇಳಿದಾಗ ಮಿದುಳು ಯಾವುದು ಹೆಚ್ಚು ಖಚಿತವೋ ಅದಕ್ಕೆ ಹೆಚ್ಚು ತೂಕ ಕೊಟ್ಟು ಎರಡನ್ನೂ ಬೆರೆಸುತ್ತದೆ. ಹಾಗಾಗಿ ಒಳ್ಳೆಯ ಚಿತ್ರ, ಒಳ್ಳೆಯ ಸದ್ದು ಜೊತೆಗಿದ್ದರೆ ಸಾಧಾರಣ ಕಂಪನವೂ ಒಳ್ಳೆಯ ಬಟ್ಟೆಯಾಗಿ ನಡೆದುಹೋಗುತ್ತದೆ. ಆಟಗಳಿಗೆ ಇದು ಧಾರಾಳ ಸಾಕು. ವ್ಯಾಪಾರಕ್ಕೆ ಸಾಲದು, ಅಲ್ಲಿ ಗ್ರಾಹಕರ ಕೈಗೆ ನಾಳೆ ನಿಜವಾದ ಸೀರೆ ಬಂದು ಬೀಳುತ್ತದೆ.

ಆದ್ದರಿಂದ ಕಡ್ಡಿಯಿಂದಲೇ ಕೆಲಸ ಮಾಡುವ ಕಸುಬುಗಳ ಕಡೆಗೆ ಹೆಚ್ಚು ಹಣ, ಹೆಚ್ಚು ಬುದ್ಧಿ ಹೋಗಬೇಕೆಂದು ನಾನು ಬಯಸುತ್ತೇನೆ. ದಂತವೈದ್ಯರು ಹಲ್ಲು ಹುಳುಕಾಗಿರುವುದನ್ನು ಹಿಡಿಯುವುದು ಕೊಕ್ಕೆಯಂಥ ಸಣ್ಣ ಉಕ್ಕಿನ ಕಡ್ಡಿಯಿಂದ. ಗಟ್ಟಿ ಎನಾಮಲ್ಲಿನ ಮೇಲೆ ಅದು ಕಿರುಗುಟ್ಟಿ ಜಾರುತ್ತದೆ, ಹುಳುಕಿನಲ್ಲಿ ಮೆತ್ತಗೆ ಕಚ್ಚಿಕೊಳ್ಳುತ್ತದೆ. ನೆದರ್‌ಲೆಂಡ್ಸಿನಲ್ಲಿ ಬೆಳೆದ ಸಿಮೊಡಾಂಟ್‌ನಂಥ ತರಬೇತಿ ಯಂತ್ರಗಳು ವಿದ್ಯಾರ್ಥಿಗಳಿಗೆ ಇದನ್ನು ರೋಗಿಯ ಬಾಯಿಗೆ ಹೋಗುವ ಮೊದಲೇ ಕಲಿಸುತ್ತಿವೆ. ಶಸ್ತ್ರಚಿಕಿತ್ಸೆಯ ರೋಬಾಟ್‌ಗಳಲ್ಲಿ ವೈದ್ಯರ ಕೈಗೆ ಅಂಗಾಂಶದ ತಡೆ ತಿಳಿಯುವುದಿಲ್ಲ ಎಂಬುದು ಬಹುಕಾಲದ ದೂರು. ಉಪಕರಣದ ತುದಿಯ ಕಂಪನವನ್ನು ಹಿಡಿಕೆಗೆ ತಲುಪಿಸುವ ವ್ಯವಸ್ಥೆಯನ್ನು ಕುಚೆನ್‌ಬೆಕರ್ ಅವರ ಗುಂಪೇ ಮಾಡಿತ್ತು, 2024ರಲ್ಲಿ ಅಮೆರಿಕದ ಅನುಮತಿ ಪಡೆದ ‘ಡಾ ವಿಂಚಿ 5’ ಎಂಬ ಶಸ್ತ್ರಚಿಕಿತ್ಸೆಯ ರೋಬಾಟ್ ಬಲದ ಅನುಭವವನ್ನೂ ಕೊಡುತ್ತದೆ. ಕರ್ನಾಟಕದಲ್ಲಿ ದಂತವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ. ನಮ್ಮ ಹಾರ್ಡ್‌ವೇರ್ ಹುಡುಗರಿಗೆ ಮೊಬೈಲಿನ ಸೀರೆಗಿಂತ ಹತ್ತಿರದ ಕೆಲಸ ಅಲ್ಲಿದೆ.

ಬಟ್ಟೆಯನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಮರಳಿ ಹುಟ್ಟಿಸುವ ಯಂತ್ರ ಬರುವವರೆಗೆ ದಾಖಲಿಸುವ ಕೆಲಸ ಕಾಯಬೇಕಿಲ್ಲ. ಮೈಸೂರಿನ ಸರ್ಕಾರಿ ನೇಯ್ಗೆ ಕಾರ್ಖಾನೆ 1912ರಿಂದ ನೇಯುತ್ತಿರುವ ಕ್ರೇಪ್ ರೇಷ್ಮೆಯ ಗುಣವಿರುವುದು ಬಿಗಿಯಾಗಿ ಹುರಿಮಾಡಿದ ನೂಲಿನಲ್ಲಿ. ಅದನ್ನು ಹಿಡಿಯಲು ಕಂಪನದ ಜೊತೆಗೆ ಬಾಗುವಿಕೆಯ ಮತ್ತು ಓರೆ ಜಗ್ಗಿನ ಅಳತೆ ಬೇಕೇ ಬೇಕು. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನು (ಉದ್ದದ ನೂಲುಗಳನ್ನು) ಸೆರಗಿನ ಹಾಸಿನೊಂದಿಗೆ ಕುಣಿಕೆ ಹಾಕಿ ಜೋಡಿಸುವುದರಿಂದ, ಹತ್ತಿಯಿಂದ ರೇಷ್ಮೆಗೆ ದಾಟುವ ಒಂದು ಗೆರೆ ಬೆರಳಿಗೆ ಸಿಗುತ್ತದೆ. ಅಲ್ಲಿ ಘರ್ಷಣೆ, ಶಾಖ, ಬಾಗುವಿಕೆ ಮೂರೂ ಒಂದೇ ಕಡೆ ಬದಲಾಗುತ್ತವೆ. ಹಾಸಿನ ದಿಕ್ಕಿನಲ್ಲೊಮ್ಮೆ, ಹೊಕ್ಕಿನ ದಿಕ್ಕಿನಲ್ಲೊಮ್ಮೆ, ಆ ಗೆರೆಯನ್ನು ದಾಟುತ್ತ ಒಮ್ಮೆ ಅಳೆದು, ಅಳೆದ ದಿನದ ಕೋಣೆಯ ಉಷ್ಣತೆಯನ್ನೂ ಗಾಳಿಯ ತೇವವನ್ನೂ ಪಕ್ಕದಲ್ಲಿ ಬರೆದಿಡಬೇಕು. ಜವಳಿ ಕಾಲೇಜಿನ ಪ್ರಯೋಗಾಲಯವೊಂದು ಮನಸ್ಸು ಮಾಡಿದರೆ ಇಷ್ಟಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಾಗುವುದಿಲ್ಲ.